ಶೋರೂಮಿಗೆ ಮುಂಚೆ ಗ್ಯಾರೇಜು

ಚಂದ್ರಾ ಲೇಔಟ್, ಬೆಂಗಳೂರು

ಪ್ರಿಯ ಮೇಷ್ಟ್ರೇ,

ತಿಪಟೂರಿನಲ್ಲಿ ಮಳೆ ಹೇಗಿದೆ, ಕೊಬ್ಬರಿ ರೇಟು ಎಲ್ಲಿಗೆ ಬಂತು ಎಂದೆಲ್ಲ ವಿಚಾರಿಸುವ ಮುಂಚೆ, ಯಾವ ಕಾರು ಕೊಂಡರೆ ಖರ್ಚು ಕಡಿಮೆ ಎಂಬ ನಿಮ್ಮ ಪ್ರಶ್ನೆಗೇ ಬರುತ್ತೇನೆ. ಪತ್ರದ ಧಾಟಿ ನೋಡಿದರೆ ಮನೆಯಲ್ಲಿ ಇದೇ ಪಂಚಾಯ್ತಿ ಜೋರಾಗಿ ನಡೆದ ಹಾಗಿದೆ. ಮಗ ಜರ್ಮನ್ ಗಾಡಿ ಅನ್ನುತ್ತಾನೆ, ಅಳಿಯಂದಿರು ಟೊಯೊಟಾ ಬಿಟ್ಟು ಬೇರೆ ಮಾತೇ ಬೇಡ ಅನ್ನುತ್ತಾರೆ, ಅಮ್ಮಾವ್ರು ಮಾರುತಿ ಸಾಕು ಅನ್ನುತ್ತಾರೆ. ನೀವೋ ಗಣಿತದ ಮೇಷ್ಟ್ರು. ಹಾಳೆಗೆ ಗೆರೆ ಎಳೆದು, ಎಡಕ್ಕೆ ಕಂಪನಿಗಳ ಹೆಸರು, ಮೇಲೆ ಒಂದರಿಂದ ಹದಿನೈದರವರೆಗೆ ವರ್ಷ ಬರೆದು, ಒಳಗಿನ ಮನೆಗಳನ್ನು ಖಾಲಿ ಬಿಟ್ಟು ‘ಖರ್ಚು ತುಂಬಿಸಿ ಕಳಿಸಿ’ ಎಂದು ಅಪ್ಪಣೆ ಮಾಡಿದ್ದೀರಿ.

ಆ ಮನೆಗಳನ್ನು ನಾನು ತುಂಬಿಸಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ತಕರಾರು ಇರುವುದು ಎಡಗಡೆಯ ಸಾಲಿನ ಬಗ್ಗೆ. ಕಾರಿಗೆ ವಯಸ್ಸಾದ ಮೇಲೆ ಅದರ ಖರ್ಚನ್ನು ತೀರ್ಮಾನಿಸುವುದು ಎರಡೇ ಸಂಗತಿ: ಅದನ್ನು ಬಿಚ್ಚಿ ಸರಿಮಾಡಬಲ್ಲ ಕೈಗಳು ನಿಮ್ಮ ಸುತ್ತಮುತ್ತ ಎಷ್ಟಿವೆ, ಅದರ ಸಾಮಾನು ಎಷ್ಟು ಅಂಗಡಿಗಳಲ್ಲಿ ಸಿಗುತ್ತದೆ. ಬಾನೆಟ್ ಮೇಲಿನ ಹೆಸರು ಆಮೇಲಿನ ಮಾತು.

ಮೊದಲ ಮೂರು ನಾಲ್ಕು ವರ್ಷದ ಖರ್ಚಿಗೆ ಯಾರೂ ಜಗಳ ಆಡಬೇಕಿಲ್ಲ. ನಿಮ್ಮ ಪಟ್ಟಿಯ ಯಾವ ಗಾಡಿಗಾದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ವೀಲ್ ಅಲೈನ್‌ಮೆಂಟ್, ಇಷ್ಟೇ. ಫ್ರೀ ಸರ್ವಿಸ್ ಎಂದರೆ ಲೇಬರ್ ಮಾತ್ರ ಫ್ರೀ. ಆಯಿಲ್ಲು, ಫಿಲ್ಟರುಗಳ ದುಡ್ಡು ನಮ್ಮದೇ. ದೊಡ್ಡದೇನಾದರೂ ಕೈಕೊಟ್ಟರೆ ವಾರಂಟಿ ನೋಡಿಕೊಳ್ಳುತ್ತದೆ. ಮಾರುತಿಯವರು ಬಹಳ ಕಾಲ 2 ವರ್ಷ ಇಲ್ಲವೇ 40 ಸಾವಿರ ಕಿ.ಮೀ.ಗೇ ನಿಂತಿದ್ದರು, 2024ರಲ್ಲಿ ಟೊಯೊಟಾದವರ ಸಮಕ್ಕೆ, ಅಂದರೆ 3 ವರ್ಷ ಇಲ್ಲವೇ 1 ಲಕ್ಷ ಕಿ.ಮೀ.ಗೆ ಬಂದರು. ವರ್ಷದ ಸರ್ವಿಸ್ ಬಿಲ್ಲಿನಲ್ಲಿ ಮಾರುತಿಗೂ ಸ್ಕೋಡಾಕ್ಕೂ ಕೆಲವು ಸಾವಿರದ ಅಂತರ ಇದ್ದೇ ಇದೆ. ಹನ್ನೆರಡು ಹದಿನೈದು ಲಕ್ಷ ಸುರಿದು ಗಾಡಿ ತಂದವರು ಆ ಅಂತರಕ್ಕೆ ಕಂಗಾಲಾಗುವುದಿಲ್ಲ. ಶೋರೂಮಿನಲ್ಲಿ ಟೈ ಕಟ್ಟಿಕೊಂಡ ಹುಡುಗರು ತೋರಿಸುವ ‘ಕಿಲೋಮೀಟರಿಗೆ ಇಷ್ಟು ಪೈಸೆ’ ಲೆಕ್ಕವೆಲ್ಲ ಈ ನಾಲ್ಕೈದು ವರ್ಷದ್ದೇ. ಪರೀಕ್ಷೆ ಶುರುವಾಗುವುದು ಆರನೇ ವರ್ಷದಿಂದ.

ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನೋಡಲು ನಮ್ಮ ಏರಿಯಾ ಒಳ್ಳೆಯ ಜಾಗ. ಇಲ್ಲಿನ 80 ಅಡಿ ರಸ್ತೆಯಿಂದ ಯಾವ ಕ್ರಾಸಿಗೆ ತಿರುಗಿದರೂ ಎರಡೂ ಬದಿಗೆ ಕಾರುಗಳು. ಅರ್ಧಕ್ಕರ್ಧ ಕವರ್ ಹೊದ್ದುಕೊಂಡಿರುತ್ತವೆ. 2015ರಲ್ಲಿ ಅತ್ತಿಗುಪ್ಪೆಗೆ ಮೆಟ್ರೊ ಬಂದ ಮೇಲೆ ಆಫೀಸಿಗೆ ಕಾರು ತೆಗೆಯುವುದನ್ನೇ ಬಿಟ್ಟವರು ಬಹಳ ಮಂದಿ. ಶನಿವಾರ ಬೆಳಿಗ್ಗೆ ಕವರ್ ಕಳಚಿ ಕುಣಿಗಲ್, ನಾಗಮಂಗಲ, ಚನ್ನರಾಯಪಟ್ಟಣದ ಕಡೆಗೆ ಊರಿಗೆ ಹೊರಡುತ್ತಾರೆ, ಭಾನುವಾರ ರಾತ್ರಿ ಅಕ್ಕಿ ಮೂಟೆ, ತೆಂಗಿನಕಾಯಿ ಹೇರಿಕೊಂಡು ಬಂದು ಮತ್ತೆ ಕವರ್ ಹೊದಿಸುತ್ತಾರೆ. ನಿಂತ ಗಾಡಿಗೆ ಖರ್ಚಿಲ್ಲ ಎಂದುಕೊಳ್ಳಬೇಡಿ. ಬ್ಯಾಟರಿ ಇಳಿಯುತ್ತದೆ. ಟೈರು ಸವೆಯದೆಯೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೆಗ್ಗಣ, ಇಲಿಗಳು ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತವೆ, ಅವಕ್ಕೆ ಜಪಾನಿನದೂ ಒಂದೇ ಜರ್ಮನಿಯದೂ ಒಂದೇ. ಅದೇ ಕೆಲಸಕ್ಕೆ ಒಂದು ಕಡೆ ಇಡೀ ವೈರಿಂಗ್ ಸೆಟ್ ಬದಲಿಸಬೇಕು ಎಂದು ಎಸ್ಟಿಮೇಟ್ ಬರುತ್ತದೆ. ಇನ್ನೊಂದು ಕಡೆ ಅನುಭವಸ್ಥ ಆಟೊ ಎಲೆಕ್ಟ್ರಿಷಿಯನ್ ಕಡಿದ ವೈರುಗಳನ್ನು ಹುಡುಕಿ, ಜೋಡಿಸಿ, ಟೇಪು ಸುತ್ತಿ ಕೆಲವು ನೂರಕ್ಕೆ ಮುಗಿಸುತ್ತಾನೆ. ಅಂಥವನು ಪಕ್ಕದ ರಸ್ತೆಯಲ್ಲಿ ಇದ್ದಾನೋ ಇಲ್ಲವೋ, ಅದು ಯಾವ ಬ್ರೋಶರಿನಲ್ಲೂ ಬರುವುದಿಲ್ಲ.

ದಿನಾ ಓಡುವ ಗಾಡಿಗಳ ಪಾಡು ಬೇರೆ. ಸರ್ವಿಸ್ ಪುಸ್ತಕದಲ್ಲಿ 10,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿ ಎಂದಿರುತ್ತದೆ. ಯಾರ 10,000? ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ವರದಿಯ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ನೀವೇ ಗುಣಿಸಿ ನೋಡಿ: ಆ ವೇಗದಲ್ಲಿ 10,000 ಕಿ.ಮೀ. ಮುಗಿಸಲು ಎಂಜಿನ್ ಸುಮಾರು 570 ಗಂಟೆ ಓಡಬೇಕು. ನೀವು ಅರಸೀಕೆರೆ, ಹಾಸನ ಎಂದು ಗಂಟೆಗೆ 60ರಲ್ಲಿ ಆರಾಮಾಗಿ ಹೋಗಿಬಂದರೆ ಅಷ್ಟೇ ದೂರಕ್ಕೆ 170 ಗಂಟೆಯೂ ಬೇಡ. ಮೀಟರು ಇಬ್ಬರಿಗೂ ಒಂದೇ ಅಂಕಿ ತೋರಿಸುತ್ತದೆ. ಹೆಚ್ಚಿನ ಕಂಪನಿಗಳ ಕೈಪಿಡಿಯ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತು ಇರುತ್ತದೆ: ಧೂಳು, ಪದೇಪದೇ ನಿಂತು ಹೊರಡುವ ಟ್ರಾಫಿಕ್, ತುಂಡು ತುಂಡು ಪ್ರಯಾಣ ಇದ್ದರೆ ಅದು ‘ಕಠಿಣ ಬಳಕೆ’, ಆಯಿಲ್ಲನ್ನು ಇನ್ನೂ ಬೇಗ ಬದಲಿಸಿ. ದಿನಾ ನಾಯಂಡಹಳ್ಳಿ ಜಂಕ್ಷನ್ ದಾಟುವ ಪ್ರತಿಯೊಬ್ಬರೂ ಆ ಸಣ್ಣ ಅಕ್ಷರದ ಒಳಗೇ ಬರುತ್ತಾರೆ, ಓದಿದವರು ಕಡಿಮೆ. ಇಲ್ಲಿ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ. ಹಂಪು, ಗುಂಡಿಗಳ ದಯೆಯಿಂದ ಲಿಂಕ್ ರಾಡು, ಲೋವರ್ ಆರ್ಮಿನ ಬುಷ್ಷು ಹೋಗಿ ಮುಂದುಗಡೆ ಕಟಕಟ ಸದ್ದು ಶುರುವಾಗುತ್ತದೆ. ಇಲ್ಲಿಂದ ನಾನು ಬರೆದು ಕಳಿಸುವ ಅಂಕಿ ತಿಪಟೂರಿಗೆ ತಲುಪುವಷ್ಟರಲ್ಲಿ ಸುಳ್ಳಾಗಿರುತ್ತದೆ. ಕೋಷ್ಟಕ ಖಾಲಿ ಬಿಡಲು ಇದೂ ಒಂದು ಕಾರಣ.

ಮೂಡಲಪಾಳ್ಯದ ಕಡೆಯ ಯಾವುದಾದರೂ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಗಿರಾಕಿ ಬ್ರಾಂಡ್ ಹೆಸರು ಹೇಳುತ್ತಾನೆ, ಮೆಕ್ಯಾನಿಕ್ ಎಂಜಿನ್ ಕೇಳುತ್ತಾನೆ. ಅದಕ್ಕೆ ಕಾರಣ ಇದೆ. ಫಿಯಟ್‌ನವರ 1,248 ಸಿ.ಸಿ. ಮಲ್ಟಿಜೆಟ್ ಡೀಸೆಲ್ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂತು. ಆಮೇಲೆ ಡಿಸೈರ್, ರಿಟ್ಜ್, ಎರ್ಟಿಗಾ, ಬ್ರೆಝಾಗಳಿಗೂ ಹೋಯಿತು. ಅದೇ ಎಂಜಿನ್ ಟಾಟಾದ ವಿಸ್ಟಾ, ಮಾಂಝಾಗಳಲ್ಲಿ ಬೇರೆ ಹೆಸರಿನಲ್ಲಿ ಕೂತಿತು, ಫಿಯಟ್‌ನ ಪುಂಟೊ, ಲಿನಿಯಾಗಳಲ್ಲಂತೂ ಇದ್ದೇ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕೈಬಿಟ್ಟಿತು. ಆ ಹೊತ್ತಿಗೆ ಫಿಯಟ್ ಕಾರುಗಳೂ ನಮ್ಮ ಶೋರೂಮುಗಳಿಂದ ಮರೆಯಾಗಿದ್ದವು. ಇವತ್ತು ಲಿನಿಯಾ ಇಟ್ಟುಕೊಂಡವರಿಗೆ ಎಂಜಿನ್ ಕೆಲಸಕ್ಕೆ ಚಿಂತೆ ಇಲ್ಲ, ಸ್ವಿಫ್ಟ್‌ಗಳು ಲಕ್ಷಗಟ್ಟಲೆ ಓಡುತ್ತಿರುವವರೆಗೆ ಸಾಮಾನು ಎಲ್ಲೆಡೆ ಸಿಗುತ್ತದೆ. ಅದೇ ಲಿನಿಯಾದ ಹೆಡ್‌ಲೈಟ್ ಒಡೆಯಿತು, ಬಾಗಿಲ ಹಿಡಿ ಮುರಿಯಿತು ಎನ್ನಿ, ಆಗ ಹುಡುಕಾಟ ಶುರು. ಎಂಜಿನ್ ಅಗ್ಗ, ಬಾಗಿಲ ಹಿಡಿ ದುಬಾರಿ! ನಿಮ್ಮ ಕೋಷ್ಟಕದಲ್ಲಿ ಇದನ್ನು ಯಾವ ಮನೆಗೆ ಹಾಕೋಣ?

ಅಳಿಯಂದಿರ ಟೊಯೊಟಾ ವಿಚಾರಕ್ಕೆ ಬರೋಣ. ಇದು ನಮ್ಮ ಕಡೆಯದೇ ಕಥೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ; ಬಿಡದಿಯ ಕ್ವಾಲಿಸ್ 2000ದಲ್ಲಿ ರಸ್ತೆಗೆ ಇಳಿಯಿತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಈ ಗಾಡಿಗಳಿಗೆ ಹೆಸರು ತಂದುಕೊಟ್ಟವರು ಟ್ಯಾಕ್ಸಿಯವರು. ಧರ್ಮಸ್ಥಳ, ತಿರುಪತಿ, ಏರ್‌ಪೋರ್ಟ್ ಎಂದು ಹಗಲೂ ರಾತ್ರಿ ಓಡಿಸಿ ಮೂರು ಲಕ್ಷ, ನಾಲ್ಕು ಲಕ್ಷ ಕಿ.ಮೀ. ದಾಟಿಸಿದರು. ಅಷ್ಟು ಓಡುವ ಗಾಡಿಗೆ ಸಾಮಾನು ಬೇಕೇ ಬೇಕು, ಸಾಮಾನು ಮಾರುವವರು ಹುಟ್ಟಿಕೊಂಡರು, ಬಿಚ್ಚಿ ಕಲಿತ ಮೆಕ್ಯಾನಿಕ್ಕುಗಳು ಹೆಚ್ಚಾದರು. ಗ್ಯಾರೇಜಿನವರ ಅಭಿಪ್ರಾಯ ಕೇಳಿದರೆ, ಇನ್ನೋವಾದ ಒಂದೊಂದು ಬಿಲ್ಲು ಸಣ್ಣ ಮಾರುತಿಗಿಂತ ದೊಡ್ಡದು, ಆದರೆ ಅದು ಗ್ಯಾರೇಜಿಗೆ ಬರುವುದು ಅಪರೂಪ. ಹಳೇ ಇನ್ನೋವಾ ಡೀಸೆಲ್ಲಿನಲ್ಲಿ ಒಂದು ವಿಷಯ ಮಾತ್ರ ಮರೆಯುವ ಹಾಗಿಲ್ಲ. ಅದರಲ್ಲಿರುವುದು ಟೈಮಿಂಗ್ ಬೆಲ್ಟು, ಚೈನಲ್ಲ. ಮೀಟರಿನಲ್ಲಿ ಅದಕ್ಕೆಂದೇ ಒಂದು ದೀಪ ಹತ್ತುತ್ತದೆ. ಆಗ ಬದಲಿಸಿದರೆ ಒಂದು ದೊಡ್ಡ ಸರ್ವಿಸ್ಸಿನಷ್ಟು ಖರ್ಚು. ನೋಡಿಕೊಳ್ಳೋಣ ಎಂದು ಮುಂದೂಡಿ ಬೆಲ್ಟು ಕಿತ್ತುಕೊಂಡರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಇನ್ನೋವಾ ನೋಡಲು ಹೋದರೆ ಮೊದಲ ಪ್ರಶ್ನೆ ಮೈಲೇಜಿನದಾಗಬಾರದು, ಬೆಲ್ಟು ಯಾವಾಗ ಬದಲಾಯಿತು ಎಂದು ಕೇಳಿ ರಸೀದಿ ನೋಡಿ.

ಇನ್ನೊಂದು ತಮಾಷೆ ಕೇಳಿ. 2019ರಲ್ಲಿ ಟೊಯೊಟಾ ಗ್ಲಾನ್ಜಾ ಬಂತಲ್ಲ, ಅದು ಮಾರುತಿಯ ಬಲೆನೊ. ಇತ್ತ ಮಾರುತಿ ಹೆಸರಿನ ಗ್ರ್ಯಾಂಡ್ ವಿಟಾರಾ 2022ರಲ್ಲಿ ತಯಾರಾಗತೊಡಗಿದ್ದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ, ಅದರ ಅವಳಿ ಹೈರೈಡರ್ ಜೊತೆಯಲ್ಲೇ. ಮಾರುತಿಯ ಇನ್‌ವಿಕ್ಟೊ ಎಂದರೆ ಇನ್ನೋವಾ ಹೈಕ್ರಾಸ್. ಅಂದರೆ ನಿಮ್ಮ ಮನೆಯಲ್ಲಿ ಅಳಿಯಂದಿರೂ ಅಮ್ಮಾವ್ರೂ ಜಗಳ ಆಡುತ್ತಿರುವುದು ಅರ್ಧ ಒಂದೇ ಗಾಡಿಗಾಗಿ! ಇಂಥ ಅವಳಿ ಗಾಡಿ ಕೊಂಡರೆ ಒಂದು ಲಾಭ ಉಂಟು. ಸಾಮಾನು ಎರಡು ಕಂಪನಿಯ ಕೌಂಟರಿನಲ್ಲಿ ಸಿಗುತ್ತದೆ, ಒಂದೇ ಭಾಗಕ್ಕೆ ಎರಡು ಡಬ್ಬಿಯ ಮೇಲೆ ಎರಡು ಬೆಲೆ ಇದ್ದರೆ ಕಡಿಮೆಯದನ್ನು ತರಬಹುದು.

ಹಾಗೆ ನೋಡಿದರೆ ಕಾರು ಕಂಪನಿಗಳು ತಯಾರಿಸುವ ಭಾಗಗಳಿಗಿಂತ ಬೇರೆಯವರಿಂದ ಕೊಂಡು ಜೋಡಿಸುವ ಭಾಗಗಳೇ ಹೆಚ್ಚು. ನಮ್ಮ ಆಡುಗೋಡಿಯ ಮೈಕೊ ನಿಮಗೆ ಗೊತ್ತಲ್ಲ? 1951ರಲ್ಲಿ ಶುರುವಾಗಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತಿದ್ದದ್ದು, ಈಗ ಬಾಷ್ ಎಂಬ ತನ್ನ ತಾಯಿ ಕಂಪನಿಯ ಹೆಸರನ್ನೇ ಇಟ್ಟುಕೊಂಡಿದೆ. ಹಳಬ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇನ್ನೂ ಮೈಕೊ ಪಂಪೇ. ಕಾರು ಯಾವ ದೇಶದ್ದಾದರೂ ಇಂಜೆಕ್ಟರು, ಪಂಪು, ಸೆನ್ಸರು ಬಾಷ್‌ನದೋ ಡೆನ್ಸೊದ್ದೋ ಆಗಿರುವ ಸಂಭವ ಹೆಚ್ಚು. ಅದೇ ಭಾಗ ಕಾರು ಕಂಪನಿಯ ಡಬ್ಬಿಗೆ ಹೋದಾಗ ಒಂದು ಬೆಲೆ, ತಯಾರಿಸಿದವನ ಡಬ್ಬಿಯಲ್ಲೇ ಬಂದರೆ ಇನ್ನೊಂದು ಬೆಲೆ.

ಎರಡನೇ ಡಬ್ಬಿ ಹುಡುಕಿಕೊಂಡು ಬೆಂಗಳೂರಿನವರು ಹೋಗುವುದು ಜೆ.ಸಿ. ರೋಡಿಗೆ. ಮಿನರ್ವ ಸರ್ಕಲ್ಲಿನಿಂದ ಟೌನ್‌ಹಾಲ್‌ವರೆಗೆ, ಒಳಗಿನ ಗಲ್ಲಿಗಳನ್ನೂ ಸೇರಿಸಿ, ಬರೀ ಸ್ಪೇರ್ ಪಾರ್ಟ್ಸ್, ಸೀಟ್ ಕವರ್, ಗ್ಲಾಸು. ಕೌಂಟರಿನ ಹಿಂದೆ ನಿಂತವರು ಗಾಡಿಯ ವರ್ಷ, ಮಾಡೆಲ್ ಕೇಳಿ ತಲೆ ಎತ್ತದೆಯೇ ‘ಕಂಪನಿಯದಾ, ಓಇಎಮ್ಮಾ, ಲೋಕಲ್ಲಾ?’ ಎನ್ನುತ್ತಾರೆ. ಓಇಎಂ ಎಂದರೆ ತಯಾರಿಸಿದವನ ಡಬ್ಬಿಯದು. ಮೂರು ಉತ್ತರಕ್ಕೆ ಮೂರು ರೇಟು. ಬ್ರೇಕು, ಸ್ಟೀರಿಂಗಿನ ವಿಷಯಕ್ಕೆ ಲೋಕಲ್ ಬೇಡವೇ ಬೇಡ. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ, ಫ್ಲೋರ್ ಮ್ಯಾಟಿಗೆ ಕಂಪನಿಯದೇ ಬೇಕೆಂದು ಹಟ ಮಾಡುವುದೂ ದಂಡ. ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಸಿಗುತ್ತದೆ, ಅಲ್ಲಿಗೆ ಮಾತ್ರ ಮೆಕ್ಯಾನಿಕ್ಕನ್ನು ಕರೆದುಕೊಂಡೇ ಹೋಗಬೇಕು.

ಈ ಅಂಗಡಿಗಳಿಗೆ ಎಲ್ಲ ಕಂಪನಿಯ ಸಾಮಾನೂ ಸಲೀಸಾಗಿ ಬರುತ್ತಿರಲಿಲ್ಲ ಎಂಬುದು ಸರ್ಕಾರಿ ಕಡತಕ್ಕೇ ಹೋದ ಸಂಗತಿ. 2011ರಲ್ಲಿ ಗ್ರಾಹಕರೊಬ್ಬರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಒರಿಜಿನಲ್ ಸಾಮಾನನ್ನು ಮುಕ್ತ ಮಾರುಕಟ್ಟೆಗೆ ಬಿಡುವುದಿಲ್ಲ, ಕಾರಿನ ಕಂಪ್ಯೂಟರ್ ಓದುವ ಸಲಕರಣೆಯನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುವುದಿಲ್ಲ, ಹೀಗಾಗಿ ಕೊಂಡವನು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ ಅವರು ಕೇಳಿದಷ್ಟು ಕೊಡಬೇಕು. ದೂರು ಮೂರು ಕಂಪನಿಯ ಮೇಲಿತ್ತು, ತನಿಖೆ ಬೆಳೆದು 17 ಕಂಪನಿಗಳಿಗೆ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ ಅವುಗಳಲ್ಲಿ 14 ಕಂಪನಿಗಳಿಗೆ ಸೇರಿಸಿ 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಮಾರುತಿ, ಟಾಟಾ, ಮಹೀಂದ್ರಾ, ಟೊಯೊಟಾ, ಹೋಂಡಾ, ಫೋಕ್ಸ್‌ವ್ಯಾಗನ್, ಸ್ಕೋಡಾ, ಬೆನ್ಜ್, ಬಿಎಂಡಬ್ಲ್ಯು, ಎಲ್ಲರೂ ಆ ಪಟ್ಟಿಯಲ್ಲಿದ್ದರು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಎನ್ನುವ ಸಾರಾಸಗಟು ಷರತ್ತು ಹಾಕಬಾರದು ಎಂದೂ ಆಯೋಗ ಹೇಳಿತು. ಆಮೇಲೆ ಮೇಲ್ಮನವಿ, ತಡೆಯಾಜ್ಞೆ ಎಂದು ಕೋರ್ಟಿನ ದಾರಿ ಹಿಡಿಯಿತು, ಅದು ನಮ್ಮ ದೇಶದಲ್ಲಿ ಹೊಸತೇನಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕು ಎಂದು ಒಂದು ಪೋರ್ಟಲ್ ತೆರೆದಿದೆ, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ನನ್ನ ಮಟ್ಟಿಗೆ 2014ರ ಆದೇಶದ ಬೆಲೆ ದಂಡದ ಮೊತ್ತದಲ್ಲಿಲ್ಲ. ರಿಪೇರಿ ದುಬಾರಿಯಾಗುವುದು ಗಾಡಿಯ ಗುಣದಿಂದಷ್ಟೇ ಅಲ್ಲ, ಬಾಗಿಲು ಹಾಕಿಟ್ಟಿದ್ದರಿಂದಲೂ ಎಂದು ಅದು ಲಿಖಿತವಾಗಿ ಹೇಳಿತು. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬಿಡಿಭಾಗಗಳಿಗೂ ಜಿಎಸ್‌ಟಿ 18 ಪರ್ಸೆಂಟ್. ಮೊದಲು ಬಹಳಷ್ಟಕ್ಕೆ 28 ಇತ್ತು. ಹಳೇ ಎಸ್ಟಿಮೇಟ್ ಹಿಡಿದು ಯಾರಾದರೂ ಲೆಕ್ಕ ಹೇಳಿದರೆ ಅದನ್ನು ನೆನಪಿಸಿ.

ಕಂಪನಿಯೇ ಗಂಟುಮೂಟೆ ಕಟ್ಟಿದರೆ? ಇದು ನಿಮ್ಮ ಕೋಷ್ಟಕದಲ್ಲಿ ಇಲ್ಲದ, ಇರಲೇಬೇಕಾದ ಸಾಲು. ಶೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸಾಮಾನು, ಸರ್ವಿಸ್ ಮುಂದುವರಿಸುತ್ತೇವೆ ಎಂದು ಹೋಗುವವರು ಹೇಳಿಯೇ ಹೋಗುತ್ತಾರೆ, ಸ್ವಲ್ಪಮಟ್ಟಿಗೆ ನಡೆಸಿಯೂ ಕೊಡುತ್ತಾರೆ. ಆದರೆ ಶೋರೂಮ್ ಮುಚ್ಚಿದ ಮಾರನೇ ದಿನವೇ ಹಳೇ ಗಾಡಿಯ ಬೆಲೆ ಬೀಳುತ್ತದೆ. ಆಯಿಲ್ ಫಿಲ್ಟರ್ ಸಿಗುತ್ತದೆ, ಬಂಪರಿಗೆ ಕಾಯಬೇಕಾಗುತ್ತದೆ. ಫೋರ್ಡ್ ವಿಷಯದಲ್ಲಿ ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಕೆಟ್ಟಿರುವುದು ಒಳಗಿನ ಸಣ್ಣ ಚೂರಾದರೆ ಇಡೀ ಅಸೆಂಬ್ಲಿ ಬದಲಿಸಬೇಕಿಲ್ಲ, ಆ ಚೂರನ್ನೇ ಬಿಡಿಯಾಗಿ ಕೊಡುತ್ತೇವೆ ಎಂದು ಫಿಗೊ ಬಂದ ಕಾಲದಲ್ಲಿ ಅವರು ಮುಂದೆ ಬಂದಿದ್ದರು. ಇಂಥ ಬಿಡಿ ಚೂರುಗಳಿಗೆ ಅಂಗಡಿಯವರು ಚೈಲ್ಡ್ ಪಾರ್ಟ್ ಅನ್ನುತ್ತಾರೆ. ದೀರ್ಘಕಾಲದ ಖರ್ಚಿನ ಗುಟ್ಟೆಲ್ಲ ಅಲ್ಲೇ ಇದೆ. ಲೋವರ್ ಆರ್ಮಿನ ಬುಷ್ ಬೇರೆಯಾಗಿ ಸಿಕ್ಕರೆ ನೂರುಗಳಲ್ಲಿ ಮುಗಿಯುತ್ತದೆ, ‘ಆರ್ಮ್ ಸಮೇತ ಬರುತ್ತೆ ಸಾರ್’ ಎಂದರೆ ಸಾವಿರಗಳು. ಯಾವ ಗಾಡಿ ನೋಡಿದರೂ ಈ ಒಂದು ಪ್ರಶ್ನೆ ಕೇಳಿ, ಬೇಕಾದಷ್ಟು ಗೊತ್ತಾಗುತ್ತದೆ.

ಮಗನ ಜರ್ಮನ್ ಗಾಡಿಗೆ ಅನ್ಯಾಯ ಮಾಡುವುದಿಲ್ಲ. ಹೈವೇಯಲ್ಲಿ ಅದರ ಹಿಡಿತ, ಬಾಗಿಲು ಮುಚ್ಚಿದಾಗಿನ ಗಟ್ಟಿ ಸದ್ದು, ಎಲ್ಲ ನಿಜ. ಪೋಲೊ ಇಟ್ಟುಕೊಂಡವರು ಅದನ್ನು ಮಾರಲು ಒಪ್ಪುವುದಿಲ್ಲ, ಅದೂ ನಿಜ. ಕಷ್ಟ ಇರುವುದು ಎರಡು ಮೂರು ಕಡೆ. ಡ್ರೈ ಕ್ಲಚ್ಚಿನ ಡಬಲ್ ಕ್ಲಚ್ ಗೇರ್‌ಬಾಕ್ಸ್, ಅದು ಯಾರ ಕಾರಿನಲ್ಲೇ ಇರಲಿ, ಮಾಗಡಿ ರಸ್ತೆಯ ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ಸಾಮಾನ್ಯ ಕ್ಲಚ್ ಸೆಟ್ಟನ್ನು ನಮ್ಮ ಬೀದಿಯ ಗ್ಯಾರೇಜಿನವನು ಒಂದು ದಿನದಲ್ಲಿ ಹಾಕಿ ಕೊಡುತ್ತಾನೆ. ಈ ಡಬಲ್ ಕ್ಲಚ್ಚನ್ನು ಬಿಚ್ಚಲು ವಿಶೇಷ ಸಲಕರಣೆ, ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ. ಬಿಲ್ಲೂ ಹಾಗೇ. ಜರ್ಮನ್ ಗಾಡಿಗಳಿಗೆಂದೇ ಪಳಗಿದ ಖಾಸಗಿ ಗ್ಯಾರೇಜುಗಳು ಬೆಂಗಳೂರಿನಲ್ಲಿವೆ, ಕಂಪನಿಗಿಂತ ಕಡಿಮೆಗೆ ಮಾಡುತ್ತವೆ. ತಿಪಟೂರಿನಲ್ಲಿ? ಮಗ ಇಲ್ಲೇ ಇರುವವನು, ಅವನು ತೆಗೆದುಕೊಳ್ಳಲಿ. ನಿಮಗೆ ಬೇಡ.

ಹ್ಯುಂಡೈ ಮಾರುತಿಗೂ ಜರ್ಮನ್ ಗಾಡಿಗೂ ನಡುವೆ ಬರುತ್ತದೆ, ಸಾಮಾನು ಸಿಗುತ್ತದೆ, ಮೆಕ್ಯಾನಿಕ್ಕುಗಳಿಗೂ ಅಭ್ಯಾಸ. ಹೋಂಡಾದ ಪೆಟ್ರೋಲ್ ಎಂಜಿನ್ ಬಗ್ಗೆ ಗ್ಯಾರೇಜಿನವರು ಕೈ ಮುಗಿಯುತ್ತಾರೆ, ಬಾಡಿ ಸಾಮಾನಿನ ಬೆಲೆ ಹೇಳುವಾಗ ಮುಖ ಸಣ್ಣದು ಮಾಡುತ್ತಾರೆ. ಟಾಟಾ, ಮಹೀಂದ್ರಾದವರ ತಗಡು ಗಟ್ಟಿ, ಸಾಮಾನೂ ತಕ್ಕ ಬೆಲೆಗೆ ಸಿಗುತ್ತದೆ. ಅಲ್ಲಿ ಎಲ್ಲ ನಿಂತಿರುವುದು ನಿಮ್ಮೂರಿನ ಡೀಲರ್ ಎಂಥವನು ಎಂಬುದರ ಮೇಲೆ.

ಯಾರೂ ಗಮನಿಸದ ಒಂದು ಖರ್ಚಿದೆ, ದೀಪ ಮತ್ತು ಚಕ್ರ. ಹಳೇ ಹ್ಯಾಲೊಜೆನ್ ಬಲ್ಬು ಹೋದರೆ ಇನ್ನೂರು ಮುನ್ನೂರು ರೂಪಾಯಿ, ನೀವೇ ಹಾಕಬಹುದು. ಈಗಿನ ಎಲ್‌ಇಡಿ ಹೆಡ್‌ಲ್ಯಾಂಪಿನಲ್ಲಿ ಹೆಚ್ಚಿನ ಕಡೆ ಬಲ್ಬು ಬೇರೆಯಾಗಿ ಬರುವುದಿಲ್ಲ, ಇಡೀ ಲ್ಯಾಂಪೇ ಬದಲು, ಹತ್ತಾರು ಸಾವಿರ. ಟಾಪ್ ಮಾಡೆಲ್ ಎಂದು 17 ಇಂಚಿನ ಚಕ್ರ ಬಂದರೆ ನೋಡಲು ಚೆಂದ, ನಾಲ್ಕೈದು ವರ್ಷಕ್ಕೊಮ್ಮೆ ಟೈರು ಬದಲಿಸುವಾಗ ಸಣ್ಣ ಚಕ್ರದ ಎರಡರಷ್ಟು ದುಡ್ಡು ಇಡಬೇಕು. ಹಾಗಾಗಿ ಒಂದೇ ಗಾಡಿಯ ನಡುವಿನ ಮಾಡೆಲ್ಲಿಗೂ ಟಾಪ್ ಮಾಡೆಲ್ಲಿಗೂ ಹತ್ತು ವರ್ಷದಲ್ಲಿ ಆಗುವ ಅಂತರ, ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಬಹುದು.

ಇನ್ಶೂರೆನ್ಸ್ ಎಲ್ಲ ಕೊಡುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ 50 ಪರ್ಸೆಂಟ್ ಸವಕಳಿ ಕಳೆಯುತ್ತಾರೆ, ಗ್ಲಾಸಿಗೆ ಕಳೆಯುವುದಿಲ್ಲ. ಈಗಿನ ಬಂಪರೆಲ್ಲ ಪ್ಲಾಸ್ಟಿಕ್ಕೇ, ಅರ್ಧ ದುಡ್ಡು ನಿಮ್ಮದು. ಜೀರೊ ಡೆಪ್ ಹಾಕಿಸಿದರೆ ಆ ಅರ್ಧವೂ ಬರುತ್ತದೆ, ಸಿಗುವವರೆಗೆ ಹಾಕಿಸಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯ ಮೇಲೆ ಕಾರುಗಳು ಮುಳುಗಿದ್ದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ ಒಳಗೆ ನೀರು ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಎಂದು ಬೇರೆಯಾಗಿ ತೆಗೆದುಕೊಂಡಿರದಿದ್ದರೆ ಅದಕ್ಕೆ ಸಾಮಾನ್ಯವಾಗಿ ಕಾಸು ಬರುವುದಿಲ್ಲ. ಕೀಲಿ ಮುಟ್ಟದೆ ತಳ್ಳಿಸಿಕೊಂಡು ಹೋಗುವುದೇ ದಾರಿ.

ಇಷ್ಟೆಲ್ಲ ರಿಪೇರಿ ಲೆಕ್ಕವನ್ನೂ ನುಂಗುವಂಥ ಒಂದು ಲೆಕ್ಕ ಇದೆ, ನಮ್ಮ ರಾಜ್ಯದ ಆಜೀವ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ 17 ಪರ್ಸೆಂಟ್, ಅದರ ಮೇಲೆ 11 ಪರ್ಸೆಂಟ್ ಸೆಸ್. 12 ಲಕ್ಷದ ಗಾಡಿಗೆ ಸುಮಾರು 2.26 ಲಕ್ಷ ರೂಪಾಯಿ ಮೊದಲ ದಿನವೇ ಹೋಯಿತು. ಅದೇ ಐದರಿಂದ ಹತ್ತು ಲಕ್ಷದ ಒಳಗಿನ ಗಾಡಿಗೆ 14 ಪರ್ಸೆಂಟ್. ಆ 12 ಲಕ್ಷದ ಗಾಡಿಯನ್ನು ಐದು ವರ್ಷಕ್ಕೆ ಮಾರಿದರೆ ವರ್ಷಕ್ಕೆ 45 ಸಾವಿರ ತೆರಿಗೆ ಬಿದ್ದ ಹಾಗೆ, ಹದಿನೈದು ವರ್ಷ ಇಟ್ಟುಕೊಂಡರೆ 15 ಸಾವಿರ. ಯಾವ ಕಂಪನಿಯ ಸರ್ವಿಸ್ ಬಿಲ್ಲಿನಲ್ಲೂ ವರ್ಷಕ್ಕೆ 30 ಸಾವಿರ ಉಳಿಸಲು ಆಗುವುದಿಲ್ಲ ಮೇಷ್ಟ್ರೇ. ಹದಿನೈದು ತುಂಬಿದ ಮೇಲೂ ದೆಹಲಿಯ ಹಾಗೆ ಇಲ್ಲಿ ಗಾಡಿಯನ್ನು ಗುಜರಿಗೆ ಎಳೆಯುವ ನಿಯಮ ಇಲ್ಲ, ಎಫ್.ಸಿ. ಮಾಡಿಸಿ ಐದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಬಹುದು. ಅದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಆದರೂ ಹೊಸ ಗಾಡಿಯ ತೆರಿಗೆಯ ಮುಂದೆ ಅದು ಚಿಲ್ಲರೆ.

ಎಲೆಕ್ಟ್ರಿಕ್ ಬಗ್ಗೆ ಕೊನೆಗೊಂದು ಸಾಲು ಕೇಳಿದ್ದಿರಿ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಬಂದ ರೇವಾ ನೆನಪಿದೆಯಲ್ಲ? ಅದಕ್ಕೆ ಆಯಿಲ್ಲು, ಕ್ಲಚ್ಚು ಏನೂ ಬೇಡ, ವರ್ಷದ ಖರ್ಚು ಅತ್ಯಲ್ಪ. ಕೆಲವು ವರ್ಷಕ್ಕೊಮ್ಮೆ ಲೆಡ್ ಆಸಿಡ್ ಬ್ಯಾಟರಿಗಳ ಇಡೀ ಸೆಟ್ ಬದಲಿಸುವಾಗ ಮಾತ್ರ ಉಳಿಸಿದ್ದೆಲ್ಲ ಒಟ್ಟಿಗೆ ಕೊಡಬೇಕಿತ್ತು. ಈಗಿನ ಲಿಥಿಯಂ ಬ್ಯಾಟರಿ ಅದಕ್ಕಿಂತ ಎಷ್ಟೋ ಮೇಲು, 8 ವರ್ಷ ಇಲ್ಲವೇ 1.6 ಲಕ್ಷ ಕಿ.ಮೀ. ವಾರಂಟಿ ಸಾಮಾನ್ಯ, ಟೊಯೊಟಾ ಹೈಬ್ರಿಡ್ ಬ್ಯಾಟರಿಗೂ ಅಷ್ಟೇ. ವಾರಂಟಿ ಮುಗಿದ ಮೇಲೆ ಬ್ಯಾಟರಿಯೊಳಗಿನ ಕೆಟ್ಟ ತುಂಡನ್ನಷ್ಟೇ ಬದಲಿಸಿ ಕೊಡುವವರು ಬೀದಿಗೊಬ್ಬರು ಬಂದ ದಿನ ನಾನೇ ನಿಮಗೆ ಅದನ್ನು ತೆಗೆದುಕೊಳ್ಳಿ ಎಂದು ಬರೆಯುತ್ತೇನೆ.

ನಿಮಗೆ ನನ್ನ ಸಲಹೆ ಇಷ್ಟು: ವರ್ಷಕ್ಕೆ ಆರೇಳು ಸಾವಿರ ಕಿ.ಮೀ. ಓಡಿಸುವವರಿಗೆ ಡೀಸೆಲ್ ಬೇಡ. ಬಿಎಸ್-6 ಡೀಸೆಲ್ಲಿನ ಹೊಗೆಯ ಫಿಲ್ಟರಿಗೆ ಉದ್ದ ಓಟ ಬೇಕು, ಸಂತೆಗೆ ಹೋಗಿಬಂದರೆ ಕಟ್ಟಿಕೊಳ್ಳುತ್ತದೆ. ಹತ್ತು ಲಕ್ಷದ ಒಳಗಿನ ಪೆಟ್ರೋಲ್ ಗಾಡಿ, ಗೇರ್ ನೀವೇ ಹಾಕುವಂಥದ್ದು, ನಡುವಿನ ಮಾಡೆಲ್, ಸಣ್ಣ ಚಕ್ರ. ಮಾರುತಿ ಅಥವಾ ಅದರ ಟೊಯೊಟಾ ಅವಳಿ. ನಿಮ್ಮೂರಿನಲ್ಲಿ ಹ್ಯುಂಡೈ ಚೆನ್ನಾಗಿ ನಡೆಯುತ್ತಿದ್ದರೆ ಅದೂ ಸೈ. ಬುಕ್ ಮಾಡುವ ಮುಂಚೆ ನಿಮ್ಮ ಗ್ಯಾರೇಜಿನವನನ್ನು ಕೇಳಿ, ಅವನು ನಿಮ್ಮ ಶಿಷ್ಯನೇ ಆಗಿರಬೇಕು ಎಂದು ನನ್ನ ಗುಮಾನಿ. ಯಾವ ಗಾಡಿ ಒಳ್ಳೆಯದು ಎಂದು ಕೇಳಬೇಡಿ, ಎಲ್ಲರೂ ತಮ್ಮ ತಮ್ಮ ಗಾಡಿಯ ಹೆಸರು ಹೇಳುತ್ತಾರೆ. ಯಾವ ಗಾಡಿ ಬಂದರೆ ತುಮಕೂರಿಗೆ ಕಳಿಸಿಬಿಡುತ್ತೀಯ ಎಂದು ಕೇಳಿ. ಅವನು ಹೇಳಿದ ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿ.

ನೋಡಲು ಇಲ್ಲಿಗೇ ಬರುತ್ತೀರಾದರೆ ಭಾನುವಾರ ಬೇಡ, ಜೆ.ಸಿ. ರೋಡಿನಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ರೈಲಿಗೆ ಬನ್ನಿ. ಸಿಟಿ ಸ್ಟೇಷನ್ನಿನಲ್ಲಿ ಇಳಿದು ನೇರಳೆ ಮೆಟ್ರೊ ಹಿಡಿದರೆ ಅತ್ತಿಗುಪ್ಪೆ, ಸ್ಟೇಷನ್ ಹತ್ತಿರ ನಾನೇ ಬಂದಿರುತ್ತೇನೆ, ನಡೆದುಕೊಂಡೇ. ಅಮ್ಮಾವ್ರಿಗೆ ನಮಸ್ಕಾರ ತಿಳಿಸಿ, ಮಗನಿಗೆ ಈ ಪತ್ರ ತೋರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಇಂತಿ,
ನಿಮ್ಮ ವಿಶ್ವಾಸಿ